ಅಪ್ಪನ ಸ್ಮರಣ ಸಂಚಿಕೆಯಲ್ಲಿ ಚಿಕ್ಕಪ್ಪನ ಹೆಸರು ಇರಬೇಕೇ?

ಕರಡು ತಿದ್ದುವವಳು

ನಮ್ಮ ಅಪ್ಪ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಕಾಲಿನಿಂದ ತುಳಿದು ನಡೆಸುವ ಒಂದು ಟ್ರೆಡಲ್ ಅಚ್ಚುಯಂತ್ರದಿಂದ ಶುರುವಾದ ಪ್ರೆಸ್ಸನ್ನು ನಲವತ್ತು ವರ್ಷಕ್ಕೂ ಹೆಚ್ಚು ನಡೆಸಿದವರು. ಈಗ ವ್ಯವಹಾರ ಅಣ್ಣನದು, ಕರಡು ಮತ್ತು ಲೆಕ್ಕ ನನ್ನದು. ವರ್ಷ ತುಂಬುವ ಹೊತ್ತಿಗೆ ಒಂದು ಸ್ಮರಣ ಸಂಚಿಕೆ ತರಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಕಂಡವರ ಪುಸ್ತಕಗಳನ್ನೆಲ್ಲ ಅಚ್ಚು ಹಾಕಿದ ಮನುಷ್ಯ ತಮಗೆಂದು ಒಂದು ಹಾಳೆಯನ್ನೂ ಹಾಕಿಕೊಂಡವರಲ್ಲ, ಹಾಗಾಗಿ ನನಗೂ ಸರಿ ಅನ್ನಿಸಿತು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾಲ್ಕು ಪುಟ ಬರೆದೆ. ಓದಿ ನೋಡಿದರೆ ಅದರಲ್ಲಿ ಅಪ್ಪ ಇಲ್ಲ. ಕಾಯಕಯೋಗಿ ಇದ್ದಾರೆ, ಅಜಾತಶತ್ರು ಇದ್ದಾರೆ, ಸದಾ ಹಸನ್ಮುಖಿ ಇದ್ದಾರೆ. ನಮ್ಮಪ್ಪ ಹಸನ್ಮುಖಿಯೇ! ಒತ್ತಕ್ಷರದ ಬಾಲ ಮುರಿದ ಸೀಸದ ಅಚ್ಚುಮೊಳೆಯನ್ನು ಯಾರೋ ಮತ್ತೆ ಮೊಳೆಗಳ ಖಾನೆಪೆಟ್ಟಿಗೆಗೆ, ಕೇಸಿಗೆ, ಹಾಕಿದ್ದಾರೆಂದು ಸಾಲು ಜೋಡಿಸಿಟ್ಟ ತಟ್ಟೆಯನ್ನೇ, ಗ್ಯಾಲಿಯನ್ನೇ, ನೆಲಕ್ಕೆ ಬಡಿದವರು. ಅದೇ ರಾತ್ರಿ ಯಾರನ್ನೂ ಕರೆಯದೆ ಒಬ್ಬರೇ ಕುಳಿತು, ಚೆಲ್ಲಾಡಿದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಅದರದರ ಮನೆಗೆ ಸೇರಿಸಿದವರೂ ಅವರೇ. ಬೆಳಿಗ್ಗೆ ನಾವು ನೋಡಿದಾಗ ಬೆರಳ ತುದಿಗಳೆಲ್ಲ ಸೀಸದ ಕಪ್ಪು.

ಇನ್ನೊಂದು ಅಭ್ಯಾಸ. ಮೊದಲ ಹಾಳೆ ಯಂತ್ರದಿಂದ ಹೊರಬಂದರೆ ಅಕ್ಷರ ನೋಡುತ್ತಿರಲಿಲ್ಲ. ಹಾಳೆಯನ್ನು ಮಗುಚಿ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಅಚ್ಚು ಗಟ್ಟಿಯಾಗಿ ಒತ್ತಿದ್ದರೆ ಹಿಂಬದಿಯಲ್ಲಿ ಉಬ್ಬು ಕೈಗೆ ತಾಕುತ್ತದೆ. ಮೊಳೆ ಬೇಕಿಲ್ಲದ ಆಫ್‌ಸೆಟ್ ಮುದ್ರಣ ಬಂದ ಮೇಲೆ ತಾಕಲು ಏನೂ ಉಳಿಯಲಿಲ್ಲ, ಆದರೂ ಹೆಬ್ಬೆರಳು ಆಡುತ್ತಲೇ ಇತ್ತು. ಈಗ ನಾನೂ ಹಾಗೆಯೇ ಮಾಡುತ್ತೇನೆ. ಯಂತ್ರದ ಹುಡುಗರು ನಗುತ್ತಾರೆ.

ಇವನ್ನೆಲ್ಲ ಬರೆಯಬಹುದು. ನನ್ನ ತೊಡಕು ಬೇರೆ. ಪ್ರೆಸ್ ಶುರು ಮಾಡಿದ್ದು ಅಪ್ಪ ಒಬ್ಬರೇ ಅಲ್ಲ, ಚಿಕ್ಕಪ್ಪನೂ ಜೊತೆಗಿದ್ದರು. ಮೊದಲ ವರ್ಷದ ರಸೀದಿ ಪುಸ್ತಕದ ಪ್ರತಿ ಹಾಳೆಯಲ್ಲೂ ಇಬ್ಬರ ಸಹಿ ಇದೆ. ಆಫ್‌ಸೆಟ್ ಯಂತ್ರ ತರೋಣ ಎಂದು ಚಿಕ್ಕಪ್ಪ, ಬೇಡವೇ ಬೇಡ ಎಂದು ಅಪ್ಪ. ಮಾತಿಗೆ ಮಾತು ಬೆಳೆದು ಚಿಕ್ಕಪ್ಪ ಹೊರಟುಹೋದರು. ಮೂರು ವರ್ಷದ ಮೇಲೆ ಅಪ್ಪ ಅದೇ ಯಂತ್ರ ತಂದರು. ಅಣ್ಣನ ಟಿಪ್ಪಣಿಯಲ್ಲಿ ಈ ಭಾಗ ಹೀಗಿದೆ: "ಸಂಸ್ಥಾಪಕರು ತಮ್ಮ ದೂರದೃಷ್ಟಿಯಿಂದ ಆಫ್‌ಸೆಟ್ ಮುದ್ರಣವನ್ನು ಅಳವಡಿಸಿಕೊಂಡರು." ಚಿಕ್ಕಪ್ಪ ಬದುಕಿದ್ದಾರೆ. ಈ ವಾಕ್ಯದ ಕರಡನ್ನು ನಾನೇ ತಿದ್ದಬೇಕು. ಏನು ಮಾಡಲಿ?

ಹಳೆಯ ಲೆಕ್ಕಿಗ

ಅಮ್ಮಾ, ಒಂದೇ ಮನೆತನದ ಸಂಸ್ಥೆಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು. ಧಣಿಗಳ ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಪುಟ ಬರೆಸಿಕೊಂಡರು. ನಾನೂ ಕಾಯಕಯೋಗಿ ಎಂದೇ ಬರೆದೆ. ಸಂಬಳ ಕೊಡುವ ಮಗ ಎದುರಿಗೆ ಕುಳಿತು "ಅಪ್ಪನ ಬಗ್ಗೆ ಹೇಳಿ" ಎಂದರೆ ಇನ್ನೇನು ಹೇಳುವುದು? ಆದ್ದರಿಂದ ಮೊದಲ ಮಾತು, ಹಳೆಯ ಕೆಲಸಗಾರರನ್ನು ನೀವು ಅವರವರ ಮನೆಗೆ ಹೋಗಿ ಒಬ್ಬೊಬ್ಬರನ್ನಾಗಿ ಮಾತಾಡಿಸಿ. ಅಣ್ಣನವರು ಜೊತೆಗಿರುವುದು ಬೇಡ. "ಅವರು ಎಂಥವರು" ಎಂದು ಕೇಳಬೇಡಿ, ಆ ಪ್ರಶ್ನೆಗೆ ಹೊಗಳಿಕೆಯೇ ಉತ್ತರ. "ಬೆಳಿಗ್ಗೆ ಬಂದವರೇ ಮೊದಲು ಎಲ್ಲಿಗೆ ಹೋಗುತ್ತಿದ್ದರು", "ಕೆಲಸ ಕೆಟ್ಟ ದಿನ ಏನು ಮಾಡುತ್ತಿದ್ದರು" ಎಂದು ಕೇಳಿ. ಮಾತು ತಾನಾಗಿ ಬರುತ್ತದೆ. ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ, ಆದರೆ ಮೊದಲು ಕೇಳಿ ಹಿಡಿಯಿರಿ.

ಎರಡನೆಯದು ಕಾಗದ ಪತ್ರ. ಎಲ್ಲ ಮನೆತನಗಳಲ್ಲೂ ಸ್ಥಾಪನೆಯ ದಿನ ಒಂದು ಬಾಯಿಮಾತಿನದು, ಇನ್ನೊಂದು ದಾಖಲೆಯದು ಇರುತ್ತದೆ. ನಾಮಫಲಕದಲ್ಲಿ ಒಂದು ವರ್ಷ, ಪಾಲುದಾರಿಕೆ ಪತ್ರದಲ್ಲಿ ಇನ್ನೊಂದು, ಮೊದಲ ಬಿಲ್ಲಿನಲ್ಲಿ ಮತ್ತೊಂದು. ನಮ್ಮ ಧಣಿಗಳ ಸಂಸ್ಥೆ ಬೆಳ್ಳಿಹಬ್ಬ ಆಚರಿಸಿದ ವರ್ಷ ಲೆಕ್ಕದ ಪ್ರಕಾರ ಇಪ್ಪತ್ತಮೂರು ತುಂಬಿತ್ತು. ಗೊತ್ತಿದ್ದವನು ನಾನೊಬ್ಬನೇ, ಬಾಯಿ ಬಿಡಲಿಲ್ಲ. ನೀವು ಆ ರಸೀದಿ ಪುಸ್ತಕವನ್ನು ಜೋಪಾನ ಮಾಡಿ. ಸಾಧ್ಯವಾದರೆ ಒಂದು ಹಾಳೆಯ ಚಿತ್ರವನ್ನೇ ಸಂಚಿಕೆಯಲ್ಲಿ ಹಾಕಿ, ಎರಡು ಸಹಿ ಸಮೇತ. ಕೆಳಗೆ ವಿವರಣೆ ಬೇಕಿಲ್ಲ.

ದೂರದೃಷ್ಟಿ ಎಂಬ ಪದ ಮಾತ್ರ ತೆಗೆಯಿರಿ. ಲೆಕ್ಕದಲ್ಲಿ ಒಬ್ಬರ ಖಾತೆಯ ಜಮೆಯನ್ನು ಇನ್ನೊಬ್ಬರ ಖಾತೆಗೆ ಬರೆದರೆ ಅದಕ್ಕೆ ಬೇರೆ ಹೆಸರಿದೆ.

ಮೂರನೆಯ ಮಗ

ಎಲ್ಲರೂ ಸತ್ಯ ಬರೆಯಿರಿ ಎನ್ನುತ್ತೀರಿ, ನಾನು ಬೇಡ ಎನ್ನುವವನು. ಕಾರಣ ಇದೆ.

ನಮ್ಮ ತಂದೆಯ ನೆನಪಿಗೆ ನಾವೂ ಒಂದು ಪುಸ್ತಕ ತಂದೆವು. ನಮ್ಮ ದೊಡ್ಡಣ್ಣ ಹೃದಯ ಬಿಚ್ಚಿ ಬರೆದ: ಅಪ್ಪ ಆರಂಭದಲ್ಲಿ ಸೋದರರ ಹಣದಿಂದಲೇ ವ್ಯಾಪಾರ ಕಟ್ಟಿದರು, ಅದನ್ನು ಮರಳಿಸುವ ಆಸೆ ಕೊನೆಗೂ ಈಡೇರಲಿಲ್ಲ ಎಂದು. ಓದಿದವರೆಲ್ಲ ಕಣ್ಣು ಒರೆಸಿಕೊಂಡರು. ಎರಡು ವರ್ಷದ ನಂತರ ಆಸ್ತಿ ವಿಭಾಗದ ದಾವೆ ಬಿತ್ತು. ಎದುರು ಪಕ್ಷದ ವಕೀಲರು ನ್ಯಾಯಾಲಯದಲ್ಲಿ ಹಾಜರುಪಡಿಸಿದ ಮೊದಲ ಕಾಗದ ಆ ಪುಸ್ತಕದ ಹದಿನಾಲ್ಕನೆಯ ಪುಟ. ಮನೆಯಲ್ಲಿ ಆಡಿದ ಮಾತು ಮಾತಾಗಿ ಉಳಿಯುತ್ತದೆ, ಅಚ್ಚಾದ ಮಾತು ದಾಖಲೆಯಾಗುತ್ತದೆ. ಪ್ರೆಸ್ಸಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಇನ್ನೂ ಒಂದು. ಸತ್ತವರು ಉತ್ತರ ಕೊಡಲಾರರು. ಆಫ್‌ಸೆಟ್ ಬೇಡ ಎಂದದ್ದಕ್ಕೆ ನಿಮ್ಮ ತಂದೆಯವರಿಗೆ ಅವರದೇ ಕಾರಣ ಇದ್ದಿರಬಹುದು. ನೀವು ಆಗ ಮಗುವಾಗಿದ್ದಿರಿ. ಮಕ್ಕಳಿಗೆ ಗೊತ್ತಿರುವ ಜಗಳ ಅರ್ಧ ಜಗಳ.

ಕರಡು ತಿದ್ದುವವಳು

ಮೂರನೆಯ ಮಗ ಅವರೇ, ನಿಮ್ಮ ಹದಿನಾಲ್ಕನೆಯ ಪುಟ ಓದಿ ನಿಜವಾಗಿಯೂ ಗಾಬರಿಯಾಯಿತು. ನಮ್ಮಲ್ಲಿ ಪಾಲಿನ ಲೆಕ್ಕ ಆಗಲೇ ಚುಕ್ತಾ ಆಗಿದೆ, ಚಿಕ್ಕಪ್ಪನ ಸಹಿಯಿರುವ ಬಿಡುಗಡೆ ಪತ್ರ ಕಪಾಟಿನಲ್ಲಿದೆ. ಉಳಿದದ್ದು ಹೆಸರಿನ ಲೆಕ್ಕ ಮಾತ್ರ. "ಅರ್ಧ ಜಗಳ" ಎಂದದ್ದು ಸರಿ. ಆಗ ನನಗೆ ಒಂಬತ್ತು ವರ್ಷ.

ಬಡಗಿಯ ಮಗ

ಮರಗೆಲಸದ ಮನೆಯವನಾದ್ದರಿಂದ ನನಗೆ ಪ್ರಿಯವಾದ ಒಂದು ಸಂಗತಿ ಹೇಳುತ್ತೇನೆ. ಲೆಗೊ ಆಟಿಕೆಗಳನ್ನು ಎಲ್ಲರೂ ನೋಡಿದ್ದೀರಿ. ಅದನ್ನು ಶುರು ಮಾಡಿದ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿಯ ಬಡಗಿ. ಆರ್ಥಿಕ ಮುಗ್ಗಟ್ಟಿನಲ್ಲಿ ಮನೆ ಕಟ್ಟುವ ಕೆಲಸ ನಿಂತುಹೋದಾಗ, 1932ರಲ್ಲಿ, ಮರದ ಆಟಿಕೆಗಳನ್ನು ಮಾಡತೊಡಗಿದ. ಮಗ ಗೋಟ್‌ಫ್ರೆಡ್ ಹುಡುಗನಾಗಿದ್ದಾಗಲೇ ಕೆಲಸಕ್ಕೆ ನಿಂತ. ಒಮ್ಮೆ ಈ ಮಗ ಒಂದು ಕಂತು ಮರದ ಬಾತುಕೋಳಿಗಳನ್ನು ರೈಲು ನಿಲ್ದಾಣಕ್ಕೆ ಮುಟ್ಟಿಸಿ ಬಂದು, "ಎಂದಿನಂತೆ ಮೂರು ಕೈ ವಾರ್ನಿಷ್ ಹಚ್ಚಲಿಲ್ಲ, ಎರಡಕ್ಕೇ ನಿಲ್ಲಿಸಿದೆ, ಸಂಸ್ಥೆಗೆ ಹಣ ಉಳಿಯಿತು" ಎಂದು ಹೆಮ್ಮೆಯಿಂದ ಹೇಳಿದ. ಅಪ್ಪ ಅವನನ್ನು ಆ ಕ್ಷಣವೇ ನಿಲ್ದಾಣಕ್ಕೆ ವಾಪಸು ಕಳಿಸಿದ: ಪೆಟ್ಟಿಗೆಗಳನ್ನು ತಂದು, ಬಿಚ್ಚಿ, ಮೂರನೆಯ ಕೈ ಹಚ್ಚಿ, ಮತ್ತೆ ಕಟ್ಟಿ ಮುಟ್ಟಿಸು, ರಾತ್ರಿಯೆಲ್ಲ ಹಿಡಿದರೂ ಸರಿ, ಒಬ್ಬನೇ ಮಾಡು ಎಂದು.

ಈ ಕಥೆ ಎಲ್ಲ ಕಡೆ "ಗುಣಮಟ್ಟದ ಪಾಠ" ಎಂದು ಓಡಾಡುತ್ತದೆ. ನನಗೆ ಹಿಡಿಸುವುದು ಬೇರೆ. ಇದನ್ನು ಹೇಳಿದವನು ಗೋಟ್‌ಫ್ರೆಡ್, ಅಂದರೆ ಬೈಸಿಕೊಂಡ ಮಗ. ತಾನು ಮಾಡಿದ ಕಳ್ಳಕೆಲಸವನ್ನು ತಾನೇ ಬಿಚ್ಚಿಟ್ಟ. ಅತ್ಯುತ್ತಮವಾದದ್ದೂ ಹೆಚ್ಚಾಯಿತು ಎನ್ನುವಂತಿಲ್ಲ ಎಂಬ ಅರ್ಥದ ಅಪ್ಪನ ಮಾತನ್ನು ಹಲಗೆಯ ಮೇಲೆ ಕೆತ್ತಿ ಕಾರ್ಯಾಗಾರದ ಗೋಡೆಗೆ ತೂಗುಹಾಕಿದವನೂ ಅವನೇ. ಓಲೆ ಕಿರ್ಕ್ ತೀರಿಕೊಂಡದ್ದು 1958ರಲ್ಲಿ. ಇವತ್ತು ನಾವು ನೋಡುವ, ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು ಅದೇ ವರ್ಷದ ಜನವರಿಯಲ್ಲಿ, ಅದೂ ಮಗನ ಕಾಲದ ಕೆಲಸ. ಎರಡು ವರ್ಷದ ಮೇಲೆ ಮರದ ಆಟಿಕೆಗಳ ಗೋದಾಮಿಗೆ ಬೆಂಕಿ ಬಿದ್ದು ಮರದ ಕೆಲಸವನ್ನೇ ಕೈಬಿಟ್ಟರು. ಮರದ ಬಾತುಕೋಳಿ ಮಾರಾಟದಲ್ಲಿ ಉಳಿಯಲಿಲ್ಲ. ಬಾತುಕೋಳಿಯ ಕಥೆ ಉಳಿಯಿತು.

ಅಕ್ಕಾ, ನಿಮ್ಮ ಸಂಚಿಕೆಯಲ್ಲಿ ನೀವು ಬೈಸಿಕೊಂಡ ಒಂದು ಪ್ರಸಂಗ ಬರೆಯಿರಿ. ಅಪ್ಪ ತಾನಾಗಿ ಕಾಣಿಸಿಕೊಳ್ಳುತ್ತಾರೆ.

ಮೂರನೆಯ ಮಗ

ಬಾತುಕೋಳಿಯ ಕಥೆ ಚೆನ್ನಾಗಿದೆ. ಆದರೆ ಗಮನಿಸಿ, ಅದರಲ್ಲಿ ತಪ್ಪು ಮಗನದು, ಅಪ್ಪ ಗೆಲ್ಲುತ್ತಾರೆ. ಇಲ್ಲಿನ ಪ್ರಶ್ನೆ ಅಪ್ಪನ ತಪ್ಪಿನದು. ಅಂಥ ಕಥೆಯನ್ನು ಯಾವ ಸಂಸ್ಥೆ ಗೋಡೆಗೆ ತೂಗುಹಾಕಿದೆ, ತೋರಿಸಿ.

ಓಟದ ಶೂ

ಗೋಡೆಗೆ ಯಾರೂ ತೂಗುಹಾಕುವುದಿಲ್ಲ, ಒಪ್ಪಿದೆ. ತೂಗುಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಜರ್ಮನಿಯ ಹೆರ್ಜೊಗೆನೌರಾಖ್ ಎಂಬ ಸಣ್ಣ ಪಟ್ಟಣದಲ್ಲಿ ಅಡಾಲ್ಫ್ ಮತ್ತು ರುಡಾಲ್ಫ್ ಡಾಸ್ಲರ್ ಎಂಬ ಅಣ್ಣತಮ್ಮಂದಿರು ಸೇರಿ ಶೂ ಕಾರ್ಖಾನೆ ನಡೆಸುತ್ತಿದ್ದರು. 1948ರಲ್ಲಿ ಬೇರೆಯಾದರು. ತಮ್ಮನದು ಅಡಿಡಾಸ್ ಆಯಿತು, ಅಣ್ಣನದು ಪೂಮಾ. ಜಗಳ ಏತಕ್ಕೆ ಎಂಬುದಕ್ಕೆ ಹತ್ತು ಕಥೆಗಳಿವೆ, ಹತ್ತೂ ಊಹೆ. ಇಬ್ಬರೂ ಬಾಯಿ ಬಿಡದೆ ಹೋದರು, ರುಡಾಲ್ಫ್ 1974ರಲ್ಲಿ, ಅಡಾಲ್ಫ್ 1978ರಲ್ಲಿ. ಒಂದೇ ಸ್ಮಶಾನದ ಎರಡು ತುದಿಗಳಲ್ಲಿ ಅವರ ಸಮಾಧಿಗಳಿವೆ. ಎರಡೂ ಸಂಸ್ಥೆಗಳ ನೌಕರರು ಒಟ್ಟಿಗೆ ಒಂದು ಫುಟ್‌ಬಾಲ್ ಪಂದ್ಯ ಆಡಿ ಕೈಕುಲುಕಿದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಎರಡೂ ಸಂಸ್ಥೆಗಳು ಆ ಮನೆತನಗಳ ಕೈತಪ್ಪಿ ವರ್ಷಗಳೇ ಆಗಿದ್ದವು.

ನಿಮ್ಮ ಚಿಕ್ಕಪ್ಪ ಇನ್ನೂ ಇದ್ದಾರೆ. ನಮ್ಮೆಲ್ಲರನ್ನು ಕೇಳುವ ಬದಲು ಅವರನ್ನು ಕೇಳಬಹುದಲ್ಲವೇ?

ಹಿರಿಸೊಸೆ

ಇಷ್ಟು ಹೊತ್ತು ಓದಿದೆ. ಅಪ್ಪ, ಅಣ್ಣ, ತಮ್ಮ, ಮಗ, ಚಿಕ್ಕಪ್ಪ. ಈ ಪ್ರೆಸ್ಸಿನಲ್ಲಿ ಒಬ್ಬ ಅಮ್ಮ ಇರಲಿಲ್ಲವೇ?

ನಮ್ಮ ಮಾವನವರ ಸ್ಮರಣಾರ್ಥ ತಂದ ಪುಸ್ತಕದಲ್ಲಿ ಅತ್ತೆಯ ಬಗ್ಗೆ ಇದ್ದದ್ದು ಒಂದೇ ಸಾಲು: "ಪತಿಯ ಏಳಿಗೆಗೆ ಹೆಗಲು ಕೊಟ್ಟ ಸಹಧರ್ಮಿಣಿ." ಆ ಸಹಧರ್ಮಿಣಿ ಹನ್ನೆರಡು ವರ್ಷ ಗೋದಾಮಿನ ದಾಸ್ತಾನು ಪುಸ್ತಕ ಬರೆದವರು. ಮಾವನವರು ಸಾಲಕ್ಕೆ ಸರಕು ಕೊಟ್ಟು ಮರೆಯುವವರು, ಇವರು ಬರೆದಿಟ್ಟು ವಸೂಲಿ ಮಾಡಿಸುವವರು. ಪುಸ್ತಕ ಕೈಗೆ ಬಂದ ದಿನ ಆ ಸಾಲನ್ನು ಓದಿ, "ಹೆಗಲು ಯಾರದು, ಹೊರೆ ಯಾರದು" ಎಂದು ಕೇಳಿ ಒಳಗೆ ಹೋದರು. ಆ ಪುಸ್ತಕವನ್ನು ಮತ್ತೆ ತೆರೆದದ್ದನ್ನು ನಾನು ನೋಡಿಲ್ಲ.

ಫ್ರಾನ್ಸಿನ ಕ್ಲಿಕೋ ಮನೆತನದ ಮದ್ಯದ ವ್ಯಾಪಾರವನ್ನು ಆರಂಭಿಸಿದವರು ಮಾವ, 1772ರಲ್ಲಿ. ಗಂಡ 1805ರಲ್ಲಿ ತೀರಿಕೊಂಡಾಗ ಇಪ್ಪತ್ತೇಳರ ಹರೆಯದ ಸೊಸೆ ಬಾರ್ಬ್ ನಿಕೋಲ್ ಅದನ್ನು ಕೈಗೆತ್ತಿಕೊಂಡಳು. ಇವತ್ತು ಸಂಸ್ಥೆಯ ಹೆಸರಿನಲ್ಲಿರುವ "ವೂವ್" ಎಂಬ ಪದಕ್ಕೆ ವಿಧವೆ ಎಂದರ್ಥ. ಆರಂಭಿಸಿದ ಮಾವನ ಹೆಸರು ಎಷ್ಟು ಜನಕ್ಕೆ ಗೊತ್ತು? ಸಂಸ್ಥಾಪಕರು ಎಂಬ ಪದ ಏಕವಚನದಲ್ಲೇ ಇರಬೇಕೆಂದು ಯಾರು ಹೇಳಿದರು?

ಮಿತಭಾಷಿ

ಇಷ್ಟೆಲ್ಲ ಗುದ್ದಾಟ ಯಾಕೆ? ಹೊಂಡಾ ಸಂಸ್ಥೆಯ ಸೊಯಿಚಿರೊ ಹೊಂಡಾ 1991ರಲ್ಲಿ ತೀರಿಕೊಂಡಾಗ ಸಂಸ್ಥೆಯ ವತಿಯಿಂದ ದೊಡ್ಡ ಅಂತ್ಯಕ್ರಿಯೆ ನಡೆಯಲಿಲ್ಲ. ಅದು ಅವರದೇ ಇಚ್ಛೆ: ಕಾರು ಮಾಡುವವನ ಅಂತ್ಯಕ್ರಿಯೆಯಿಂದ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲಬಾರದು. ಮಕ್ಕಳನ್ನು ಸಂಸ್ಥೆಗೆ ಸೇರಿಸಲೂ ಇಲ್ಲ. ಆರಂಭದ ದಿನಗಳಿಂದ ಹಣಕಾಸು, ಮಾರಾಟ ನೋಡಿಕೊಂಡ ಜೊತೆಗಾರ ಫುಜಿಸಾವಾ ಅವರೊಂದಿಗೆ 1973ರಲ್ಲಿ ಒಟ್ಟಿಗೇ ನಿವೃತ್ತರಾದರು.  ನಿಮ್ಮ ತಂದೆಯವರು ಸಂಚಿಕೆ ಬೇಕು ಎಂದಿದ್ದರೇ?

ಕರಡು ತಿದ್ದುವವಳು

ಮಿತಭಾಷಿಗಳೇ, ಇಲ್ಲ, ಅಂದಿರಲಿಲ್ಲ. ಕೇಳಿದ್ದರೆ "ಆ ಕಾಗದದಲ್ಲಿ ಯಾರದಾದರೂ ಪುಸ್ತಕ ಆಗುತ್ತಿತ್ತು" ಎನ್ನುತ್ತಿದ್ದರು. ಆದರೂ ಮಾಡುತ್ತಿದ್ದೇವೆ. ಇದು ನಮಗೆ ಬೇಕಾಗಿರುವುದು.

ಹಿರಿಸೊಸೆಯವರೇ, ನಿಮ್ಮ ಪ್ರಶ್ನೆ ಬಂದಾಗ ಅಮ್ಮ ಪಕ್ಕದಲ್ಲೇ ಇದ್ದರು. ಓದಿ ಹೇಳಿದೆ. ಮೊದಲ ನಾಲ್ಕು ವರ್ಷ ಫಾರಂ, ಅಂದರೆ ಅಚ್ಚಾದ ದೊಡ್ಡ ಹಾಳೆ, ಮಡಿಸುವುದು, ಪುಟದ ಸರಣಿ ನೋಡಿ ಜೋಡಿಸುವುದು ಎಲ್ಲ ತಾವೇ ಎಂದರು. ನನಗೆ ಗೊತ್ತಿತ್ತು, ನೋಡಿಯೂ ಇದ್ದೆ. ನಾಲ್ಕು ಪುಟದಲ್ಲಿ ಬರೆದಿರಲಿಲ್ಲ ಅಷ್ಟೇ. ಬರೆದಿರಲಿಲ್ಲ ಎಂಬುದು ಆ ಕ್ಷಣದವರೆಗೆ ಹೊಳೆದೂ ಇರಲಿಲ್ಲ.

ಕಳೆದ ಭಾನುವಾರ ಚಿಕ್ಕಪ್ಪನ ಮನೆಗೆ ಹೋದೆ. ಹೊಸದಾಗಿ ಬರೆದ ಆರು ಪುಟಗಳ ಕರಡು ಕೈಯಲ್ಲಿತ್ತು. ಅವರು ಕನ್ನಡಕ ಹುಡುಕಿ ತಂದು, ಪುಟ ಕೈಗೆ ತೆಗೆದುಕೊಂಡರು. ಓದಲಿಲ್ಲ. ಮಗುಚಿ, ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದರು.

ನಾನು ಏನೂ ಹೇಳಲಾರದೆ ಕುಳಿತೆ. ಅವರಿಗೆ ಅದರ ಅರಿವೂ ಇದ್ದಂತಿರಲಿಲ್ಲ. ಆಮೇಲೆ ಎರಡನೆಯ ಪುಟದಲ್ಲಿ ಅಪ್ಪನ ಹೆಬ್ಬೆರಳಿನ ಪ್ಯಾರಾ ಬಂದಾಗ ನಕ್ಕರು. "ಇದು ನಿಮ್ಮಪ್ಪನದ್ದೂ ಅಲ್ಲ, ನನ್ನದೂ ಅಲ್ಲ. ನಾವು ಹುಡುಗರಾಗಿ ಕೆಲಸಕ್ಕಿದ್ದ ಪ್ರೆಸ್ಸಿನಲ್ಲಿ ಯಂತ್ರ ತುಳಿಯುತ್ತಿದ್ದ ಮುದುಕರೊಬ್ಬರಿದ್ದರು. ಅವರಿಗೆ ಒಂದು ಕಣ್ಣು ಮಂಜಾಗಿತ್ತು, ಬೆರಳಿನಲ್ಲೇ ಅಚ್ಚು ನೋಡುತ್ತಿದ್ದರು. ನಾವು ಅದನ್ನೇ ಸರಿಯಾದ ಕ್ರಮ ಎಂದುಕೊಂಡು ಕಲಿತೆವು." ಆ ಮುದುಕರ ಹೆಸರು ಅವರಿಗೆ ನೆನಪಿತ್ತು. ಬರೆದುಕೊಂಡು ಬಂದಿದ್ದೇನೆ.

ತಿದ್ದಿದ್ದು ಮೂರೇ ಕಡೆ. ಮೊದಲ ಯಂತ್ರವನ್ನು ನಾನು "ಹೊಸ ಟ್ರೆಡಲ್" ಎಂದು ಬರೆದಿದ್ದೆ, "ಹಳೆಯದು, ರೋಲರ್ ಸವೆದಿತ್ತು" ಎಂದು ಅಂಚಿನಲ್ಲಿ ಬರೆದರು. ಒಂದು ಕಡೆ ದೀರ್ಘ ಬಿಟ್ಟುಹೋಗಿತ್ತು, ಅದನ್ನು ಮೊಳೆ ಜೋಡಿಸುವ ಹಳೆಯ ಕಂಪೋಸಿಟರುಗಳ ಗುರುತಿನಲ್ಲೇ ಹಾಕಿದರು. ಮೂರನೆಯದು ಆಫ್‌ಸೆಟ್ಟಿನ ಸಾಲು. ಹಳೆಯ ಲೆಕ್ಕಿಗರ ಮಾತಿನಂತೆ ದೂರದೃಷ್ಟಿ ತೆಗೆದು "ಚಿಕ್ಕಪ್ಪ ಆಫ್‌ಸೆಟ್ ತರೋಣ ಎಂದರು, ಅಪ್ಪ ನಿರಾಕರಿಸಿದರು" ಎಂದಿಟ್ಟಿದ್ದೆ. "ನಿರಾಕರಿಸಿದರು" ಎಂಬುದನ್ನು ಹೊಡೆದು "ಹೆದರಿದರು" ಎಂದು ಬರೆದರು. ಯಾಕೆ ಎಂದು ಕೇಳಿದೆ. ಯಂತ್ರ ಬಂದರೆ ಮೊಳೆ ಜೋಡಿಸುವ ಐದು ಜನರಿಗೆ ಕೆಲಸವಿರುವುದಿಲ್ಲ, ಅವರನ್ನು ಏನು ಮಾಡುವುದು ಎಂಬುದಕ್ಕೆ ಅಪ್ಪನ ಬಳಿ ಉತ್ತರ ಇರಲಿಲ್ಲವಂತೆ. "ನನ್ನ ಬಳಿಯೂ ಇರಲಿಲ್ಲ. ನಾನು ಕೇಳಿಕೊಳ್ಳಲೇ ಇಲ್ಲ" ಎಂದರು. ಮೂರು ವರ್ಷದಲ್ಲಿ ಆ ಐವರಲ್ಲಿ ಇಬ್ಬರು ನಿವೃತ್ತರಾದರು, ಒಬ್ಬರನ್ನು ಬೈಂಡಿಂಗಿಗೆ ಹಾಕಿದರು, ಇಬ್ಬರಿಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕಲಿಸಿದರು. ಆಮೇಲೆ ಯಂತ್ರ ಬಂತು. ಇದು ನನಗೆ ಗೊತ್ತೇ ಇರಲಿಲ್ಲ. ಮೂರನೆಯ ಮಗ ಅವರೇ, ಉಳಿದ ಅರ್ಧ ಜಗಳ ಇದು.

ಚಿಕ್ಕಪ್ಪ ಮಾತ್ರ ಸಂಚಿಕೆಗೆ ಬರೆದುಕೊಡಲು ಒಪ್ಪಲಿಲ್ಲ. "ಬೇಡ ಮಗಳೇ, ಬರೆದರೆ ನಾನೇ ಸರಿಯಿದ್ದೆ ಎಂದು ಬರೆಯುತ್ತೇನೆ" ಎಂದರು. ಬಿಡುಗಡೆಯ ದಿನ ಬರುತ್ತಾರೆಯೇ ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.

ಅಣ್ಣನಿಗೆ ಕರಡು ಕೊಟ್ಟು ನಾಲ್ಕು ದಿನವಾಯಿತು. ರಸೀದಿಯ ಚಿತ್ರಕ್ಕೆ ಒಪ್ಪಿದ್ದಾನೆ, ಆಫ್‌ಸೆಟ್ಟಿನ ಸಾಲಿಗೂ ಒಪ್ಪಿದ್ದಾನೆ, ಅದೂ "ಹೆದರಿದರು" ಎಂಬ ಪದದ ಸಮೇತ. ತಕರಾರು ಗ್ಯಾಲಿ ಬಡಿದ ಪ್ರಸಂಗದ್ದು. ಗಿರಾಕಿಗಳು ಓದುತ್ತಾರೆ, ಅದೊಂದು ಬೇಡ ಎನ್ನುತ್ತಾನೆ. ಅದು ಇರಲೇಬೇಕು ಎಂದು ಅಮ್ಮ. ಆ ರಾತ್ರಿ ಚಿಮಣಿ ಹಿಡಿದು ಪಕ್ಕದಲ್ಲಿ ಕುಳಿತವರು ಅಮ್ಮನಂತೆ. "ಒಬ್ಬರೇ ಕುಳಿತು" ಎಂದು ನಾನು ಮೇಲೆ ಬರೆದದ್ದೂ ತಪ್ಪು, ತಿದ್ದಿದ್ದೇನೆ.

ಮೂರನೆಯ ಮಗ

ಸರಿ. "ಹೆದರಿದರು" ಇರಲಿ. ಆದರೆ ಅಚ್ಚಿಗೆ ಹೋಗುವ ಮೊದಲು ಚಿಕ್ಕಪ್ಪನವರಿಂದ ಆ ಕರಡಿನ ಕೊನೆಯಲ್ಲಿ ಒಂದು ಸಹಿ ಹಾಕಿಸಿಕೊಳ್ಳಿ.

ಹಳೆಯ ಲೆಕ್ಕಿಗ

ಮೊದಲ ವರ್ಷದ ರಸೀದಿಯಲ್ಲಿ ಇದ್ದಂತೆಯೇ.

ಹೊಲಿಗೆ ದಾರ

ನಾನು ಬೈಂಡರ್. ಚರ್ಚೆಗೆ ಸೇರಿಸಲು ಏನೂ ಇಲ್ಲ. ಎಷ್ಟು ಪುಟವಾಯಿತು ಹೇಳಿ. ಮೂವತ್ತೆರಡರ ಒಳಗಿದ್ದರೂ ನಡುವೆ ಪಿನ್ ಹೊಡೆಸಬೇಡಿ, ತುಕ್ಕು ಹಿಡಿಯುತ್ತದೆ. ದಾರದ ಹೊಲಿಗೆ ಹಾಕಿಸಿ.

ಕರಡು ತಿದ್ದುವವಳು

ಇಪ್ಪತ್ತೆಂಟು ಪುಟ. ದಾರವೇ. ಮಡಿಸುವುದು ತಾವೇ ಎಂದು ಅಮ್ಮ ಹೇಳಿಬಿಟ್ಟಿದ್ದಾರೆ.